ಕೇಟಿ ಟೇಲರ್: ಮುಷ್ಟಿ ಆಕೆಯದು, ತಕ್ಕಡಿ ಯಾರದು?

2024ರ ನವೆಂಬರ್ 15ರಂದು ಅಮೆರಿಕದ ಟೆಕ್ಸಾಸ್ ರಾಜ್ಯದ ಆರ್ಲಿಂಗ್ಟನ್‌ನಲ್ಲಿ ನಡೆದ ಬಾಕ್ಸಿಂಗ್ ಪಂದ್ಯಗಳನ್ನು ನೋಡಲು 72 ಸಾವಿರಕ್ಕೂ ಅಧಿಕ ಮಂದಿ ಸೇರಿದ್ದರು. ಅಂದಿನ ಮುಖ್ಯ ಆಕರ್ಷಣೆ, 58 ವರ್ಷದ ಮೈಕ್ ಟೈಸನ್ ಮತ್ತು ಅಂತರ್ಜಾಲದಲ್ಲಿ ವೀಡಿಯೋ ಮಾಡಿ ಹೆಸರಾದ 27 ವರ್ಷದ ಜೇಕ್ ಪೌಲ್ ನಡುವಿನ ಹೋರಾಟ. ಅದಕ್ಕೆ ಮುನ್ನ, ಊಟಕ್ಕೆ ಮೊದಲು ಬಡಿಸುವ ಉಪ್ಪಿನಕಾಯಿಯಂತೆ, ಇಬ್ಬರು ಮಹಿಳೆಯರ ಪಂದ್ಯವಿತ್ತು. ಐರ್ಲೆಂಡಿನ ಕೇಟಿ ಟೇಲರ್ ಮತ್ತು ಪೋರ್ಟೋರಿಕೋದ ಅಮಾಂಡಾ ಸೆರಾನೊ ವಿಶ್ವಪಟ್ಟಕ್ಕಾಗಿ ಹತ್ತು ಸುತ್ತು ಸೆಣಸಿದರು. ಸೆರಾನೊ ಅವರ ಹುಬ್ಬು ಸೀಳಿ ರಕ್ತ ಹರಿಯಿತು. ತಲೆ ತಾಗಿಸಿದ್ದಕ್ಕಾಗಿ ಟೇಲರ್ ಒಂದು ಅಂಕ ಕಳೆದುಕೊಂಡರು. ಕೊನೆಗೆ ಮೂವರು ತೀರ್ಪುಗಾರರೂ 95-94ರ ಅಂತರದಲ್ಲಿ ಟೇಲರ್ ಗೆದ್ದರೆಂದು ಘೋಷಿಸಿದಾಗ ಕ್ರೀಡಾಂಗಣದ ಒಂದು ಭಾಗ ಸಂಭ್ರಮಿಸಿದರೆ ಇನ್ನೊಂದು ಭಾಗ ಆಕ್ಷೇಪದ ಕೂಗೆಬ್ಬಿಸಿತು. ಬಳಿಕ ನಡೆದ ಮುಖ್ಯ ಪಂದ್ಯವೋ, ಮುದಿ ಸಿಂಹವೊಂದನ್ನು ಬೋನಿನಿಂದ ಹೊರತಂದು ಜನರಿಗೆ ತೋರಿಸಿದಂತಿತ್ತು.

ನಾವು ಇಲ್ಲಿ ಆ ತೀರ್ಪಿನ ಸರಿ-ತಪ್ಪನ್ನು ಚರ್ಚಿಸಹೊರಟಿಲ್ಲ. ನಮ್ಮ ಪ್ರಶ್ನೆ ಬೇರೆ. ಅಂದು ಆ ಕಣದಲ್ಲಿ ನೈಜ ಕ್ರೀಡೆ ಯಾವುದಾಗಿತ್ತು, ತಮಾಷೆ ಯಾವುದಾಗಿತ್ತು ಎಂಬುದು ಕಣ್ಣಿದ್ದವರಿಗೆಲ್ಲ ತಿಳಿದಿತ್ತು. ಹಾಗಿದ್ದೂ ತಮಾಷೆಗೆ ಮಣೆ, ಕ್ರೀಡೆಗೆ ಮೂಲೆ ಏಕೆ? ಆ ಕಣದ ಮಧ್ಯಭಾಗಕ್ಕೆ ಬರಲು ಹೆಣ್ಣೊಬ್ಬಳು ಎಷ್ಟು ಬಾಗಿಲುಗಳನ್ನು ತಟ್ಟಬೇಕಾಯಿತು? ಆ ಬಾಗಿಲುಗಳ ಬೀಗದ ಕೈಯನ್ನು ಹಿಡಿದು ಕುಳಿತವರು ಯಾರು? ಈ ಪ್ರಶ್ನೆಗಳಿಗೆ ಉತ್ತರ ಹುಡುಕಲು ಕೇಟಿ ಟೇಲರ್ ಅವರ ಬದುಕಿಗಿಂತ ಉತ್ತಮ ಸಾಕ್ಷ್ಯ ಬೇರೊಂದಿಲ್ಲ.

1986ರ ಜುಲೈ 2ರಂದು ಐರ್ಲೆಂಡಿನ ಬ್ರೇ ಎಂಬ ಕಡಲ ತೀರದ ಪಟ್ಟಣದಲ್ಲಿ ಹುಟ್ಟಿದ ಕೇಟಿ, ಬಾಕ್ಸಿಂಗ್ ಬಲ್ಲ ತಂದೆಯ ಮಗಳು. ತಂದೆ ಪೀಟರ್ ಸ್ವತಃ ರಾಷ್ಟ್ರೀಯ ಮಟ್ಟದ ಬಾಕ್ಸರ್. ಮಗಳ ಮೊದಲ ಗುರುವೂ ಅವರೇ. ಆದರೆ ಗುರುವಿದ್ದರೆ ಸಾಲದು, ಎದುರಾಳಿಯೂ ಬೇಕು. ಅಂದಿನ ಐರ್ಲೆಂಡಿನಲ್ಲಿ ಹುಡುಗಿಯರಿಗೆ ಅಧಿಕೃತ ಬಾಕ್ಸಿಂಗ್ ಎಂಬುದೇ ಇರಲಿಲ್ಲ. ಆದ್ದರಿಂದ ಆ ಬಾಲಕಿ ಕೂದಲನ್ನು ಶಿರಸ್ತ್ರಾಣದೊಳಗೆ ಅಡಗಿಸಿ, 'ಕೆ. ಟೇಲರ್' ಎಂಬ ಹೆಸರಿನಲ್ಲಿ, ಹುಡುಗನೆಂಬಂತೆ ಹುಡುಗರೊಂದಿಗೆ ಸೆಣಸಬೇಕಾಯಿತು. ಪಂದ್ಯ ಮುಗಿದು ಶಿರಸ್ತ್ರಾಣ ತೆಗೆದಾಗಲಷ್ಟೇ ತಾವು ನೋಡಿದ್ದು ಹೆಣ್ಣುಮಗುವಿನ ಆಟವೆಂದು ಸೇರಿದವರಿಗೆ ತಿಳಿಯುತ್ತಿತ್ತು. ಹೆಸರಿನ ಮೊದಲಕ್ಷರದ ಹಿಂದೆ ತನ್ನ ಅಸ್ತಿತ್ವವನ್ನೇ ಬಚ್ಚಿಡಬೇಕಾದ ಈ ಅವಸ್ಥೆ ಯಾವುದೋ ಮಧ್ಯಯುಗದ ಕತೆಯಲ್ಲ, ಯುರೋಪಿನ 1990ರ ದಶಕದ ಕತೆ. 2001ರ ಅಕ್ಟೋಬರ್ 31ರಂದು ಡಬ್ಲಿನ್‌ನ ರಾಷ್ಟ್ರೀಯ ಕ್ರೀಡಾಂಗಣದಲ್ಲಿ ಐರ್ಲೆಂಡಿನ ಮೊತ್ತಮೊದಲ ಅಧಿಕೃತ ಮಹಿಳಾ ಬಾಕ್ಸಿಂಗ್ ಪಂದ್ಯ ನಡೆದಾಗ ಕಣದಲ್ಲಿದ್ದವರಲ್ಲಿ ಒಬ್ಬಳು ಹದಿನೈದರ ಹರೆಯದ ಈಕೆ.

ಕೇಟಿ ಬರೇ ಬಾಕ್ಸಿಂಗ್ ಆಟಗಾರ್ತಿಯಾಗಿರಲಿಲ್ಲ. ಫುಟ್ಬಾಲ್‌ನಲ್ಲಿ ಆಕೆ ಐರ್ಲೆಂಡಿನ ಹಿರಿಯರ ತಂಡದ ಪರವಾಗಿ 11 ಅಂತಾರಾಷ್ಟ್ರೀಯ ಪಂದ್ಯಗಳನ್ನಾಡಿದರು. ಪೀಮೌಂಟ್ ಯುನೈಟೆಡ್‌ನಂಥ ಕ್ಲಬ್‌ಗಳಿಗೂ ಆಡಿದರು. ಒಂದೇ ದೇಹ ಎರಡು ಆಟಗಳಲ್ಲಿ ದೇಶವನ್ನು ಪ್ರತಿನಿಧಿಸುವುದು ಸಾಮಾನ್ಯ ಸಂಗತಿಯಲ್ಲ. ಪುರುಷನೊಬ್ಬ ಇದನ್ನು ಸಾಧಿಸಿದ್ದರೆ ಆತನ ಪ್ರತಿಮೆಯನ್ನು ಯಾವ ವೃತ್ತದಲ್ಲಿ ನಿಲ್ಲಿಸಬೇಕೆಂಬ ಚರ್ಚೆ ಎಂದೋ ಆರಂಭವಾಗಿರುತ್ತಿತ್ತು. ಆದರೆ ಆಕೆ ತೊಟ್ಟ ಆ ಫುಟ್ಬಾಲ್ ಅಂಗಿಗೆ ಅವರದೇ ದೇಶದಲ್ಲಿ ಎಷ್ಟು ಗೌರವವಿತ್ತು? ಕೇಟಿ ಫುಟ್ಬಾಲ್ ಬಿಟ್ಟು ಹಲವು ವರ್ಷಗಳಾದ ಬಳಿಕ, 2017ರ ಏಪ್ರಿಲ್‌ನಲ್ಲಿ, ಐರ್ಲೆಂಡಿನ ಮಹಿಳಾ ತಂಡದ ಆಟಗಾರ್ತಿಯರು ಡಬ್ಲಿನ್‌ನಲ್ಲಿ ಪತ್ರಿಕಾಗೋಷ್ಠಿ ಕರೆದು ತಮ್ಮ ಪಾಡನ್ನು ಬಹಿರಂಗಪಡಿಸಿದರು. ಪ್ರಯಾಣಕ್ಕೆ ಕೊಟ್ಟ ಸಮವಸ್ತ್ರವನ್ನು ಮರಳಿಸುವುದಕ್ಕಾಗಿ ವಿಮಾನ ನಿಲ್ದಾಣದ ಶೌಚಾಲಯದಲ್ಲಿ ಬಟ್ಟೆ ಬದಲಾಯಿಸಬೇಕಾಗುತ್ತಿತ್ತು. ಅದೇ ಸಮವಸ್ತ್ರವನ್ನು ಕಿರಿಯರ ತಂಡಗಳೂ ಹಂಚಿಕೊಳ್ಳಬೇಕಿತ್ತು. ಅವರು ಕೇಳಿದ್ದು ಕೋಟಿಗಳನ್ನಲ್ಲ, ಸ್ವಂತದ್ದೆಂದು ಹೇಳಿಕೊಳ್ಳಬಹುದಾದ ಒಂದು ಜೊತೆ ಬಟ್ಟೆಯನ್ನು! ಆಟಕ್ಕಿಳಿಯುವುದಿಲ್ಲ ಎಂದು ಬೆದರಿಕೆ ಒಡ್ಡಿದ ಬಳಿಕವೇ ಅಧಿಕಾರಿಗಳ ಕಿವಿ ತೆರೆಯಿತು. 2021ರ ಆಗಸ್ಟ್‌ನಲ್ಲಿ ಪುರುಷ ಮತ್ತು ಮಹಿಳಾ ಅಂತಾರಾಷ್ಟ್ರೀಯ ಆಟಗಾರರಿಗೆ ಸಮಾನ ಸಂಭಾವನೆ ಘೋಷಣೆಯಾಯಿತು. 2023ರಲ್ಲಿ ಅದೇ ತಂಡ ಮೊದಲ ಬಾರಿಗೆ ವಿಶ್ವಕಪ್‌ನಲ್ಲಿ ಆಡಿತು. ಗೌರವ ಕೊಟ್ಟರೆ ಪ್ರತಿಭೆ ಅರಳುತ್ತದೆ ಎಂಬುದಕ್ಕೆ ಇನ್ನಾವ ಪುರಾವೆ ಬೇಕು?

ಫುಟ್ಬಾಲ್‌ನ ಈ ತಾತ್ಸಾರಕ್ಕೆ ಉದ್ದದ ಇತಿಹಾಸವಿದೆ. 1920ರ ಡಿಸೆಂಬರ್ 26ರಂದು ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ ಡಿಕ್ ಕೆರ್ ಮಹಿಳಾ ತಂಡದ ಪಂದ್ಯವನ್ನು ನೋಡಲು 53 ಸಾವಿರ ಜನ ಬಂದಿದ್ದರು. ಮಹಿಳೆಯರ ಆಟಕ್ಕೆ ಪ್ರೇಕ್ಷಕರಿಲ್ಲ ಎಂದು ಇಂದು ಹೇಳುವವರು ಈ ಸಂಖ್ಯೆಯನ್ನು ಎರಡೆರಡು ಬಾರಿ ಓದಬೇಕು. ಮರುವರ್ಷ, 1921ರ ಡಿಸೆಂಬರ್‌ನಲ್ಲಿ, ಫುಟ್ಬಾಲ್ ಹೆಂಗಸರಿಗೆ ತಕ್ಕ ಆಟವಲ್ಲ ಎಂದು ಇಂಗ್ಲೆಂಡಿನ ಫುಟ್ಬಾಲ್ ಸಂಸ್ಥೆ ಘೋಷಿಸಿ ತನ್ನ ಅಧೀನದ ಮೈದಾನಗಳನ್ನು ಅವರಿಗೆ ಮುಚ್ಚಿತು. ಆ ಬಾಗಿಲು ಮತ್ತೆ ತೆರೆಯಲು ಸುಮಾರು ಐವತ್ತು ವರ್ಷಗಳು ಬೇಕಾದುವು. ಜನ ಬರಲಿಲ್ಲವೆಂದು ಮೈದಾನ ಮುಚ್ಚಲಿಲ್ಲ. ಮೈದಾನ ಮುಚ್ಚಿದ್ದರಿಂದ ಜನ ಬರಲಿಲ್ಲ. ಬಳಿಕ ಜನರ ಗೈರುಹಾಜರಿಯನ್ನೇ ಮುಚ್ಚಿದ್ದಕ್ಕೆ ಸಮರ್ಥನೆಯಾಗಿ ತೋರಿಸಲಾಯಿತು. ಕಾಲು ಕಟ್ಟಿಹಾಕಿ, 'ನೋಡಿ, ಇವಳಿಗೆ ನಡೆಯಲು ಬರುವುದಿಲ್ಲ' ಎನ್ನುವ ನ್ಯಾಯವಿದು.

ಬಾಕ್ಸಿಂಗ್‌ನಲ್ಲಿ ಇದಕ್ಕಿಂತಲೂ ವಿಚಿತ್ರ ವಾದಗಳು ಕೇಳಿಬಂದುವು. ಜೇನ್ ಕೌಚ್ ಎಂಬ ಆಂಗ್ಲ ಬಾಕ್ಸರ್ ತನಗೆ ಪರವಾನಗಿ ನಿರಾಕರಿಸಿದ ಬ್ರಿಟಿಷ್ ಬಾಕ್ಸಿಂಗ್ ನಿಯಂತ್ರಣ ಮಂಡಳಿಯ ವಿರುದ್ಧ ನ್ಯಾಯಮಂಡಳಿಯ ಮೆಟ್ಟಿಲೇರಿದರು. ಋತುಚಕ್ರದ ಕಾರಣದಿಂದ ಹೆಂಗಸರ ಮನಸ್ಸು ಸ್ಥಿರವಾಗಿರುವುದಿಲ್ಲ ಎಂಬುದು ಅಲ್ಲಿ ಮಂಡಳಿ ಮುಂದಿಟ್ಟ ವಾದಗಳಲ್ಲೊಂದು. 1998ರಲ್ಲಿ ನ್ಯಾಯಮಂಡಳಿ ಕೌಚ್ ಪರವಾಗಿ ತೀರ್ಪು ನೀಡಿತು. ಗಮನಿಸಬೇಕು, ಈ ವಾದವನ್ನು ಮಂಡಿಸಿದ್ದು ಯಾವುದೋ ಕುಗ್ರಾಮದ ಪಂಚಾಯಿತಿಯಲ್ಲ. ಮಹಿಳಾ ವಿಮೋಚನೆಯ ಪಾಠವನ್ನು ಜಗತ್ತಿಗೆಲ್ಲ ಬೋಧಿಸುವ ದೇಶವೊಂದರ ರಾಜಧಾನಿಯಲ್ಲಿ ಕುಳಿತ ಸಂಸ್ಥೆ! ಆ ತೀರ್ಪಿನ ಹದಿನೆಂಟು ವರ್ಷಗಳ ಬಳಿಕ ಕೇಟಿ ಟೇಲರ್ ವೃತ್ತಿಪರ ಬಾಕ್ಸರ್ ಆಗಿ ಮೊದಲ ಹೆಜ್ಜೆಯಿಟ್ಟದ್ದು ಅದೇ ಲಂಡನ್‌ನಲ್ಲಿ.

ಅದಕ್ಕೂ ಮುನ್ನ ಒಲಿಂಪಿಕ್ಸ್‌ನ ಬಾಗಿಲು ತೆರೆಯಬೇಕಿತ್ತು. 2006ರಲ್ಲಿ ನಮ್ಮದೇ ರಾಜಧಾನಿ ಹೊಸದಿಲ್ಲಿಯಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕೇಟಿ ಟೇಲರ್ 60 ಕಿಲೋ ವಿಭಾಗದ ಚಿನ್ನ ಗೆದ್ದರು. ನಮ್ಮ ಮಣಿಪುರದ ಮೇರಿ ಕೋಮ್ ಅದೇ ಕೂಟದಲ್ಲಿ ತನ್ನ ವಿಭಾಗದ ಚಿನ್ನ ಗೆದ್ದರು. ಆದರೆ ಎರಡು ವರ್ಷಗಳ ಬಳಿಕ ಬೀಜಿಂಗ್ ಒಲಿಂಪಿಕ್ಸ್ ನಡೆದಾಗ ಈ ಇಬ್ಬರು ವಿಶ್ವ ಚಾಂಪಿಯನ್ನರೂ ಪ್ರೇಕ್ಷಕರು ಮಾತ್ರ. ಮಹಿಳಾ ಬಾಕ್ಸಿಂಗ್‌ಗೆ ಅಲ್ಲಿ ಜಾಗವಿರಲಿಲ್ಲ. 2009ರ ಆಗಸ್ಟ್‌ನಲ್ಲಿ ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿ ಕೊನೆಗೂ ಒಪ್ಪಿಗೆ ನೀಡಿತು. ಅದೂ ಎಷ್ಟು ಉದಾರವಾಗಿ? 2012ರ ಲಂಡನ್ ಕೂಟದಲ್ಲಿ ಪುರುಷರಿಗೆ ಹತ್ತು ತೂಕದ ವಿಭಾಗಗಳು, ಮಹಿಳೆಯರಿಗೆ ಮೂರು. ಪುರುಷ ಬಾಕ್ಸರ್‌ಗಳು 250, ಮಹಿಳೆಯರು 36. ವರ್ಷಗಟ್ಟಲೆ 46, 48 ಕಿಲೋ ತೂಕದಲ್ಲಿ ಆಡಿದ ಮೇರಿ ಕೋಮ್, ತನಗಿಂತ ದೊಡ್ಡ ದೇಹದವರೊಂದಿಗೆ 51 ಕಿಲೋ ವಿಭಾಗದಲ್ಲಿ ಸೆಣಸಿ ಕಂಚಿಗೆ ತೃಪ್ತಿಪಡಬೇಕಾಯಿತು. ಕೇಟಿ ಆ ಕೂಟದ ಉದ್ಘಾಟನೆಯಲ್ಲಿ ತನ್ನ ದೇಶದ ಧ್ವಜ ಹಿಡಿದು ನಡೆದರು. ಆಗಸ್ಟ್ 9ರಂದು ರಷ್ಯಾದ ಸೋಫ್ಯಾ ಒಚಿಗಾವಾರನ್ನು 10-8ರಿಂದ ಸೋಲಿಸಿ ಚಿನ್ನ ಧರಿಸಿದರು. 2006ರಿಂದ 2014ರವರೆಗೆ ಆಕೆ ಸತತ ಐದು ವಿಶ್ವ ಚಾಂಪಿಯನ್‌ಷಿಪ್ ಚಿನ್ನಗಳನ್ನು ಗೆದ್ದವರು. ಒಲಿಂಪಿಕ್ಸ್‌ಗೆ ಕೇಟಿ ಬೇಕಾಗಿದ್ದಷ್ಟು ಕೇಟಿಗೆ ಒಲಿಂಪಿಕ್ಸ್ ಬೇಕಾಗಿರಲಿಲ್ಲ ಎಂದರೆ ಅತಿಶಯೋಕ್ತಿಯಲ್ಲ.

ಇನ್ನು ಬಟ್ಟೆಯ ವಿಷಯಕ್ಕೆ ಬರೋಣ. ಬಾಗಿಲು ತೆರೆದ ಮೇಲೂ ಒಳಗೆ ಬರುವವಳು ಏನು ತೊಟ್ಟು ಬರಬೇಕೆಂದು ಹೇಳುವ ಹಕ್ಕನ್ನು ಕಾವಲುಗಾರರು ಬಿಟ್ಟುಕೊಡಲಿಲ್ಲ. 2010ರ ವಿಶ್ವ ಚಾಂಪಿಯನ್‌ಷಿಪ್ ಸಂದರ್ಭದಲ್ಲಿ ಅಂದಿನ ಅಂತಾರಾಷ್ಟ್ರೀಯ ಬಾಕ್ಸಿಂಗ್ ಸಂಸ್ಥೆ 'ಐಬಾ' ಮಹಿಳಾ ಬಾಕ್ಸರ್‌ಗಳಿಗೆ ಸ್ಕರ್ಟ್ ತೊಡಿಸುವ ಯೋಜನೆಯನ್ನು ಮುಂದಿಟ್ಟಿತು. ಕಾರಣವೇನು ಗೊತ್ತೇ? ಟಿ.ವಿ.ಯಲ್ಲಿ ನೋಡುವಾಗ ಕಣದಲ್ಲಿರುವುದು ಹೆಣ್ಣೋ ಗಂಡೋ ಎಂದು ತಿಳಿಯಬೇಕಂತೆ! ಹೊಡೆತದ ಚುರುಕು, ಪಾದದ ಚಲನೆ, ತಾಳ್ಮೆ ಇವು ಯಾವುವೂ ಮುಖ್ಯವಲ್ಲ. ತೊಡೆ ಕಾಣಿಸಬೇಕು, ಅಷ್ಟೇ. ಆ ತುಂಡು ಸ್ಕರ್ಟನ್ನು ತಾನು ತೊಡುವುದಿಲ್ಲ ಎಂದು ಕೇಟಿ ಟೇಲರ್ ಬಹಿರಂಗವಾಗಿಯೇ ನಿರಾಕರಿಸಿದರು. ರಾತ್ರಿ ಹೊರಗೆ ಸುತ್ತಾಡಲು ಹೋಗುವಾಗಲೂ ತಾನು ಅಂಥ ಬಟ್ಟೆ ತೊಡುವವಳಲ್ಲ, ಹಾಗಿರುವಾಗ ಕಣದಲ್ಲಿ ತೊಡುವುದೆಲ್ಲಿ ಬಂತು ಎಂಬುದು ಆಕೆಯ ನಿಲುವಿನ ಸಾರವಾಗಿತ್ತು. ವಿರೋಧ ಹೆಚ್ಚಿದಾಗ 2012ರಲ್ಲಿ ಐಬಾ ಸ್ಕರ್ಟನ್ನು ಐಚ್ಛಿಕಗೊಳಿಸಿತು.

ಇದೊಂದು ಬಿಡಿ ಘಟನೆಯೆಂದು ಯಾರೂ ಭಾವಿಸಬೇಕಾಗಿಲ್ಲ. ಮಹಿಳಾ ಫುಟ್ಬಾಲ್ ಜನಪ್ರಿಯವಾಗಬೇಕಾದರೆ ಆಟಗಾರ್ತಿಯರು ಬಿಗಿಯಾದ ಚಡ್ಡಿ ತೊಡಲಿ ಎಂದು 2004ರಲ್ಲಿ ಸಲಹೆಯಿತ್ತವರು ಸಾಮಾನ್ಯರಲ್ಲ, ಅಂದಿನ ಫಿಫಾ ಅಧ್ಯಕ್ಷ ಸೆಪ್ ಬ್ಲಾಟರ್. 2011ರಲ್ಲಿ ವಿಶ್ವ ಬ್ಯಾಡ್ಮಿಂಟನ್ ಒಕ್ಕೂಟವೂ ಸ್ಕರ್ಟ್ ಕಡ್ಡಾಯಗೊಳಿಸಲು ಹೊರಟು, ಟೀಕೆಗಳ ಬಳಿಕ ಹಿಂದೆ ಸರಿಯಿತು. 2021ರ ಜುಲೈಯಲ್ಲಿ ನಾರ್ವೆಯ ಬೀಚ್ ಹ್ಯಾಂಡ್‌ಬಾಲ್ ಆಟಗಾರ್ತಿಯರು ಬಿಕಿನಿಯ ಬದಲು ಚಡ್ಡಿ ತೊಟ್ಟು ಆಡಿದ ತಪ್ಪಿಗೆ 1500 ಯೂರೋ ದಂಡ ತೆರಬೇಕಾಯಿತು. ಬಟ್ಟೆ ಕಡಿಮೆಯಾದುದಕ್ಕಲ್ಲ, ಹೆಚ್ಚಾದುದಕ್ಕೆ ದಂಡ!

ಈಗ ಇದೇ ನಾಣ್ಯದ ಇನ್ನೊಂದು ಮುಖವನ್ನು ನೋಡೋಣ. 2011ರ ಜೂನ್‌ನಲ್ಲಿ ಜೋರ್ಡಾನಿನ ಅಮ್ಮಾನ್‌ನಲ್ಲಿ ಒಲಿಂಪಿಕ್ ಅರ್ಹತಾ ಪಂದ್ಯಕ್ಕೆ ಬಂದಿದ್ದ ಇರಾನಿನ ಮಹಿಳಾ ಫುಟ್ಬಾಲ್ ತಂಡವನ್ನು ತಲೆವಸ್ತ್ರದ ಕಾರಣಕ್ಕಾಗಿ ಆಡಲು ಬಿಡಲಿಲ್ಲ. ಕುತ್ತಿಗೆಗೆ ಅಪಾಯ ಎಂಬುದು ಆಗ ಮುಂದಿಟ್ಟ ನೆಪ. ಆ ಅಪಾಯ 2014ರಲ್ಲಿ ಫುಟ್ಬಾಲ್‌ನ ನಿಯಮ ಬದಲಾದೊಡನೆ ಮಾಯವಾಯಿತು. 2023ರ ವಿಶ್ವಕಪ್‌ನಲ್ಲಿ ಮೊರೊಕ್ಕೋದ ನುಹೈಲಾ ಬೆಂಜಿನಾ ಹಿಜಾಬ್ ಧರಿಸಿಯೇ ಆಡಿದಾಗ ಯಾರ ಕುತ್ತಿಗೆಗೂ ಏನೂ ಆಗಲಿಲ್ಲ. ಬಾಕ್ಸಿಂಗ್‌ನಲ್ಲಿಯೂ ಅಷ್ಟೇ. ಸ್ಕರ್ಟ್ ತೊಡಿಸಲು ಅಷ್ಟೊಂದು ಉತ್ಸಾಹ ತೋರಿದ ಅದೇ ಐಬಾ, ತಲೆ ಮತ್ತು ಕೈಕಾಲು ಮುಚ್ಚುವ ಉಡುಪಿಗೆ ಅನುಮತಿ ನೀಡಿದ್ದು 2019ರಲ್ಲಿ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಇತರ ದೇಶಗಳ ಆಟಗಾರ್ತಿಯರು ತಲೆವಸ್ತ್ರ ಧರಿಸಬಹುದಿತ್ತು, ಆತಿಥೇಯ ಫ್ರಾನ್ಸಿನ ಸ್ವಂತ ಆಟಗಾರ್ತಿಯರು ಧರಿಸುವಂತಿರಲಿಲ್ಲ.

ಕೇಟಿ ಟೇಲರ್ ಕ್ರೈಸ್ತ ಧರ್ಮನಿಷ್ಠೆ. ತನ್ನ ನಂಬಿಕೆಯನ್ನು ಎಂದೂ ಮುಚ್ಚಿಟ್ಟವರಲ್ಲ. ಗೆದ್ದಾಗಲೆಲ್ಲ ಮೊದಲು ದೇವನನ್ನು ಸ್ಮರಿಸುವವರು. ಅದು ಆಕೆಯ ಹಕ್ಕು, ನಾವದನ್ನು ಗೌರವಿಸುತ್ತೇವೆ. ಸ್ಕರ್ಟ್ ಬೇಡವೆಂದ ಕೇಟಿ ಮತ್ತು ತಲೆವಸ್ತ್ರ ಬೇಕೆಂದ ಹುಡುಗಿ, ಇಬ್ಬರ ಬೇಡಿಕೆಯೂ ವಾಸ್ತವದಲ್ಲಿ ಒಂದೇ: ನನ್ನ ದೇಹವನ್ನು ಎಷ್ಟು ತೋರಿಸಬೇಕೆಂದು ನಾನು ನಿರ್ಧರಿಸುತ್ತೇನೆ, ನೀವು ನನ್ನ ಆಟವನ್ನು ನೋಡಿ. ಇಷ್ಟು ಸರಳವಾದ ಮಾತು ದೊಡ್ಡ ದೊಡ್ಡ ಸಂಸ್ಥೆಗಳಿಗೆ ಏಕೆ ಅರ್ಥವಾಗುವುದಿಲ್ಲ? ಅರ್ಥವಾಗುವುದಿಲ್ಲ ಎಂದಲ್ಲ, ಅರ್ಥಮಾಡಿಕೊಂಡರೆ ವ್ಯಾಪಾರ ನಡೆಯುವುದಿಲ್ಲ. ಅಂದಹಾಗೆ, ಹುಡುಗಿಯರ ಸ್ಕರ್ಟಿನ ಬಗ್ಗೆ ತಲೆಕೆಡಿಸಿಕೊಂಡಿದ್ದ ಆ ಬಾಕ್ಸಿಂಗ್ ಸಂಸ್ಥೆಗೆ ತನ್ನ ಮನೆಯ ಲೆಕ್ಕಪತ್ರವನ್ನು ಸರಿಪಡಿಸಿಕೊಳ್ಳಲಾಗಲಿಲ್ಲ. ಆಡಳಿತ, ಹಣಕಾಸು ಮತ್ತು ತೀರ್ಪುಗಳ ಪ್ರಾಮಾಣಿಕತೆಯ ಕುರಿತ ದೂರುಗಳ ನಡುವೆ 2023ರ ಜೂನ್‌ನಲ್ಲಿ ಒಲಿಂಪಿಕ್ ಸಮಿತಿ ಅದರ ಮಾನ್ಯತೆಯನ್ನೇ ರದ್ದುಗೊಳಿಸಿತು.

2016ರ ರಿಯೋ ಒಲಿಂಪಿಕ್ಸ್‌ನ ಕ್ವಾರ್ಟರ್ ಫೈನಲ್‌ನಲ್ಲಿ ಸೋತ ಕೇಟಿ, ಅದೇ ವರ್ಷದ ನವೆಂಬರ್‌ನಲ್ಲಿ ವೃತ್ತಿಪರ ಕಣಕ್ಕಿಳಿದರು. ಮುಂದಿನದು ವೇಗದ ಪಯಣ. 2017ರಲ್ಲಿ ಮೊದಲ ವಿಶ್ವಪಟ್ಟ. 2019ರ ಜೂನ್ 1ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಬೆಲ್ಜಿಯಂನ ಡೆಲ್ಫೀನ್ ಪರ್ಸೂನ್ ವಿರುದ್ಧ ಗೆದ್ದು ಲೈಟ್‌ವೇಟ್ ವಿಭಾಗದ ನಾಲ್ಕೂ ಪಟ್ಟಗಳ ಒಡತಿಯಾದರು. ಆ ತೀರ್ಪಿನ ಕುರಿತು ತಕರಾರೆದ್ದಾಗ ಮುಖ ತಿರುಗಿಸಿಕೊಳ್ಳದೆ ಮರುವರ್ಷ ಅದೇ ಎದುರಾಳಿಯೊಂದಿಗೆ ಮತ್ತೆ ಸೆಣಸಿ ಗೆದ್ದರು. 2022ರ ಏಪ್ರಿಲ್ 30ರಂದು ಸೆರಾನೊ ವಿರುದ್ಧದ ಮೊದಲ ಪಂದ್ಯ ನಡೆದಾಗ, ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನ ದೀರ್ಘ ಇತಿಹಾಸದಲ್ಲಿ ಮಹಿಳೆಯರ ಬಾಕ್ಸಿಂಗ್ ಮೊದಲ ಬಾರಿಗೆ ರಾತ್ರಿಯ ಮುಖ್ಯ ಪಂದ್ಯವಾಯಿತು. 19 ಸಾವಿರಕ್ಕೂ ಹೆಚ್ಚು ಆಸನಗಳು ಭರ್ತಿಯಾದುವು. 2023ರ ಮೇಯಲ್ಲಿ ಚಾಂಟೆಲ್ ಕ್ಯಾಮರೂನ್ ಎದುರು ವೃತ್ತಿಪರ ಕಣದ ಮೊದಲ ಸೋಲು. ಸುಮಾರು ಆರು ತಿಂಗಳ ಬಳಿಕ ಅದೇ ಎದುರಾಳಿಯನ್ನು ಸೋಲಿಸಿ ಇನ್ನೊಂದು ತೂಕದಲ್ಲೂ ನಾಲ್ಕು ಪಟ್ಟಗಳು. 2025ರ ಜುಲೈ 11ರಂದು ಸೆರಾನೊ ವಿರುದ್ಧ ಮೂರನೆಯ ಗೆಲುವು. ಆ ರಾತ್ರಿ ಗಾರ್ಡನ್‌ನಲ್ಲಿ ನಡೆದ ಪಂದ್ಯಗಳೆಲ್ಲವೂ ಮಹಿಳೆಯರದೇ.

'ಇಷ್ಟೆಲ್ಲ ದೊರೆತ ಮೇಲೆ ಇನ್ನೇನು ದೂರು?' ಎಂದು ಕೆಲವರು ಕೇಳಬಹುದು. ಹೌದು, ದೂರಿದೆ. ಮೊದಲನೆಯದಾಗಿ, ಒಬ್ಬರ ಯಶಸ್ಸನ್ನು ತೋರಿಸಿ ಇಡೀ ವ್ಯವಸ್ಥೆಗೆ ಪ್ರಮಾಣಪತ್ರ ಬರೆಯುವುದು ಹಳೆಯ ತಂತ್ರ. ನದಿಯನ್ನು ಈಜಿ ದಡ ಸೇರಿದವಳನ್ನು ತೋರಿಸಿ ಸೇತುವೆಯ ಅಗತ್ಯವಿಲ್ಲ ಎನ್ನಬಹುದೇ? ಮುಳುಗಿದವರ ಲೆಕ್ಕವನ್ನು ಯಾರು ಇಟ್ಟಿದ್ದಾರೆ? ತಂದೆಯೇ ಬಾಕ್ಸರ್ ಆಗಿರದ, ಹೆಸರನ್ನು ಬಚ್ಚಿಟ್ಟು ಸೆಣಸುವ ಧೈರ್ಯವಿರದ ಎಷ್ಟು ಹುಡುಗಿಯರು ಬಾಗಿಲಿನಿಂದಲೇ ಮರಳಿ ಹೋಗಿರಬೇಡ?

ಎರಡನೆಯದಾಗಿ, ತಕ್ಕಡಿ ಇನ್ನೂ ಮಾರುಕಟ್ಟೆಯ ಕೈಯಲ್ಲಿಯೇ ಇದೆ. ಆರ್ಲಿಂಗ್ಟನ್‌ನ ಆ ಪಂದ್ಯವನ್ನು ಸುಮಾರು 5 ಕೋಟಿ ಮನೆಗಳಲ್ಲಿ ವೀಕ್ಷಿಸಲಾಯಿತೆಂದು ನೆಟ್‌ಫ್ಲಿಕ್ಸ್ ಸ್ವತಃ ಹೇಳಿಕೊಂಡಿದೆ. ಆದರೂ ಫಲಕದ ಮೇಲ್ಭಾಗದಲ್ಲಿದ್ದುದು ಬೇರೆಯವರ ಹೆಸರು. ವೃತ್ತಿಪರ ಬಾಕ್ಸಿಂಗ್‌ನಲ್ಲಿ ಪುರುಷರ ವಿಶ್ವಪಟ್ಟದ ಪಂದ್ಯಗಳು ತಲಾ 3 ನಿಮಿಷಗಳ 12 ಸುತ್ತು. ಮಹಿಳೆಯರವು ಸಾಮಾನ್ಯವಾಗಿ ತಲಾ 2 ನಿಮಿಷಗಳ 10 ಸುತ್ತು. ಲೆಕ್ಕ ಹಾಕಿದರೆ 36 ನಿಮಿಷ ಮತ್ತು 20 ನಿಮಿಷ. ಸಮಯ ಕಡಿಮೆ, ಹಾಗಾಗಿ ಸಂಭಾವನೆಯೂ ಕಡಿಮೆ ಎಂಬ ವಾದಕ್ಕೆ ಇದೇ ಬುನಾದಿ. ಸಮಯ ಹೆಚ್ಚಿಸಿ ಎಂದರೆ ದೇಹ ತಾಳದು ಎನ್ನುತ್ತಾರೆ. 2023ರ ಅಕ್ಟೋಬರ್‌ನಲ್ಲಿ ಸೆರಾನೊ 3 ನಿಮಿಷಗಳ 12 ಸುತ್ತುಗಳನ್ನು ಪೂರ್ತಿಯಾಗಿ ಆಡಿ ಗೆದ್ದು ತೋರಿಸಿದರು. ಅಂಥ ಪಂದ್ಯಗಳಿಗೆ ವಿಶ್ವ ಬಾಕ್ಸಿಂಗ್ ಮಂಡಳಿ ಮಾನ್ಯತೆ ನೀಡಲೊಪ್ಪದಿದ್ದಾಗ, ಆ ಮಂಡಳಿಯ ಪಟ್ಟವನ್ನೇ ಬಿಟ್ಟುಕೊಟ್ಟರು. ಇಲ್ಲಿ ಒಂದು ಸ್ವಾರಸ್ಯವಿದೆ. ಟೈಸನ್-ಪೌಲ್ ಪಂದ್ಯದ ಸುತ್ತುಗಳೂ 2 ನಿಮಿಷದವೇ. 58ರ ವೃದ್ಧನಿಗೆ ವಿನಾಯಿತಿಯಾಗಿ ಕೊಟ್ಟ ಅಳತೆ, ಉತ್ತುಂಗದಲ್ಲಿರುವ ಚಾಂಪಿಯನ್ ಮಹಿಳೆಯರಿಗೆ ಕಾಯಂ ಅಳತೆ!

ಮೂರನೆಯದಾಗಿ, ತವರಿನ ಬಾಗಿಲು. ವೃತ್ತಿಪರರಾಗಿ ಆರು ವರ್ಷಗಳಿಗೂ ಹೆಚ್ಚು ಕಾಲ ಕೇಟಿ ಒಂದೇ ಒಂದು ಪಂದ್ಯವನ್ನೂ ಐರ್ಲೆಂಡಿನಲ್ಲಿ ಆಡಲಿಲ್ಲ. ಇದಕ್ಕೆ ಕೇವಲ ಲಿಂಗ ತಾರತಮ್ಯ ಕಾರಣವಲ್ಲ. 2016ರ ಫೆಬ್ರವರಿಯಲ್ಲಿ ಡಬ್ಲಿನ್‌ನ ಹೋಟೆಲೊಂದರಲ್ಲಿ ಬಾಕ್ಸರ್‌ಗಳ ತೂಕ ನೋಡುವ ಕಾರ್ಯಕ್ರಮದ ವೇಳೆ ಗೂಂಡಾಪಡೆಗಳ ವೈಷಮ್ಯದಿಂದ ಗುಂಡಿನ ದಾಳಿ ನಡೆದು ಒಬ್ಬ ಹತನಾಗಿದ್ದ. ಆ ಬಳಿಕ ಅಲ್ಲಿ ದೊಡ್ಡ ವೃತ್ತಿಪರ ಪಂದ್ಯಗಳು ನಿಂತುಹೋದುವು. ಪಾಪ ಮಾಡಿದವರು ಯಾರೋ, ಪ್ರಾಯಶ್ಚಿತ್ತ ಇನ್ನಾರಿಗೋ. 2023ರಲ್ಲಿ ತವರಿಗೆ ಮರಳಿದಾಗಲೂ, 80 ಸಾವಿರಕ್ಕೂ ಹೆಚ್ಚು ಆಸನಗಳ ಕ್ರೋಕ್ ಪಾರ್ಕ್‌ನಲ್ಲಿ ಆಡಬೇಕೆಂಬ ಆಕೆಯ ಬಯಕೆ ವೆಚ್ಚದ ಲೆಕ್ಕಾಚಾರದಲ್ಲಿ ಕರಗಿ, ಚಿಕ್ಕದೊಂದು ಒಳಾಂಗಣದಲ್ಲಿ ಪಂದ್ಯ ನಡೆಯಿತು.

ಇಲ್ಲಿ ಇನ್ನೊಂದು ಆಕ್ಷೇಪವಿದೆ. ಅದು ಪ್ರಾಮಾಣಿಕರದು, ಆದ್ದರಿಂದ ಅದಕ್ಕೆ ಪ್ರಾಮಾಣಿಕವಾಗಿಯೇ ಉತ್ತರಿಸಬೇಕು. ಬಾಕ್ಸಿಂಗ್ ಎಂದರೆ ಮುಖಕ್ಕೆ, ಮೆದುಳಿಗೆ ಬೀಳುವ ಹೊಡೆತ. ಅದರಲ್ಲಿ ಹೆಣ್ಣುಮಕ್ಕಳೇಕೆ? ಅಪಾಯ ನಿಜ. 2005ರಲ್ಲಿ ಅಮೆರಿಕದ ಕೊಲೊರಾಡೋದಲ್ಲಿ ಮಹಿಳಾ ಬಾಕ್ಸರ್ ಒಬ್ಬರು ಪಂದ್ಯದಲ್ಲಿ ತಿಂದ ಹೊಡೆತದಿಂದ ಮೃತಪಟ್ಟಿದ್ದಾರೆ. 1982ರಲ್ಲಿ ದಕ್ಷಿಣ ಕೊರಿಯಾದ ಕಿಮ್ ಡುಕ್-ಕೂ ಕಣದ ಹೊಡೆತದಿಂದ ಸತ್ತ ಬಳಿಕವೇ ಪುರುಷರ ಪಂದ್ಯಗಳು 15 ಸುತ್ತಿನಿಂದ 12ಕ್ಕೆ ಇಳಿಯತೊಡಗಿದುವು. ಯಾರಾದರೂ 'ಈ ಆಟವೇ ಬೇಡ' ಎಂದರೆ ಅದನ್ನು ಕೇಳಲು ನಾವು ಸಿದ್ಧ. ನಾರ್ವೆ 1981ರಲ್ಲಿ ಹಾಗೆಯೇ ಮಾಡಿತು. ವೃತ್ತಿಪರ ಬಾಕ್ಸಿಂಗನ್ನು ಗಂಡು-ಹೆಣ್ಣೆನ್ನದೆ ಎಲ್ಲರಿಗೂ ನಿಷೇಧಿಸಿ, 2014ರವರೆಗೂ ಆ ನಿಷೇಧವನ್ನು ಉಳಿಸಿಕೊಂಡಿತು. ಆ ನಿಲುವನ್ನು ಒಪ್ಪಬಹುದು, ಬಿಡಬಹುದು, ಅದರಲ್ಲಿ ಮೋಸವಿರಲಿಲ್ಲ. ಆದರೆ ಪುರುಷರ ರಕ್ತವನ್ನು ಟಿಕೇಟು ಕೊಟ್ಟು ನೋಡಿ, ಮಹಿಳೆಯ ವಿಷಯ ಬಂದಾಗ ಮಾತ್ರ ಕರುಣಾಳುವಾಗುವವರ ಮಾತನ್ನು ನಾವು ಏಕೆ ನಂಬಬೇಕು? ಮೆದುಳು ಗಂಡಿಗೂ ಇದೆ, ಹೆಣ್ಣಿಗೂ ಇದೆ. ಒಂದು ಮೆದುಳಿಗೆ ಅಪಾಯಕಾರಿಯಾದ ಹೊಡೆತ ಇನ್ನೊಂದಕ್ಕೆ ಮನೋರಂಜನೆಯಾಗುವುದು ಹೇಗೆ?

ಹಾಗಾದರೆ ಈ ದೂರದೇಶದ ಕ್ರೀಡಾಪಟುವಿನ ಕತೆ ನಮ್ಮ ಪೇಟೆ-ಪಟ್ಟಣಗಳ ಮನೆಗಳಿಗೆ ಏನು ಹೇಳುತ್ತದೆ? ನಮ್ಮಲ್ಲಿಯೂ ಕಾವಲುಗಾರರಿಗೆ ಬರವಿಲ್ಲ. ತೆಲಂಗಾಣದ ನಿಜಾಮಾಬಾದ್‌ನ ನಿಖತ್ ಝರೀನ್ 2022ರಲ್ಲಿ ಇಸ್ತಾಂಬುಲ್‌ನಲ್ಲಿ, 2023ರಲ್ಲಿ ಹೊಸದಿಲ್ಲಿಯಲ್ಲಿ ವಿಶ್ವ ಚಾಂಪಿಯನ್ ಆದಾಗ ಹಾರ ಹಿಡಿದು ಬಂದವರು ಅನೇಕರು. ಆ ಹುಡುಗಿ ಬಾಕ್ಸಿಂಗ್ ಕಲಿಯಲು ಹೊರಟಾಗ ಚಡ್ಡಿ ತೊಡುತ್ತಾಳೆ, ಮುಖ ಕೆಡಿಸಿಕೊಂಡರೆ ಮದುವೆಯಾಗುವವರು ಯಾರು ಎಂದು ಕೇಳಿದವರೂ ಇದ್ದರು. ತಂದೆ ಮುಹಮ್ಮದ್ ಜಮೀಲ್ ಮಗಳ ಬೆನ್ನಿಗೆ ನಿಂತರು. ಬ್ರೇಯ ತಂದೆಯೂ ನಿಜಾಮಾಬಾದ್‌ನ ತಂದೆಯೂ ಪರಸ್ಪರ ಪರಿಚಿತರಲ್ಲ. ಅವರ ಭಾಷೆ ಬೇರೆ, ಧರ್ಮ ಬೇರೆ. ಆದರೆ ಇಬ್ಬರೂ ಮಾಡಿದ್ದು ಒಂದೇ ಕೆಲಸ. ಮಗಳ ಕೈಯಲ್ಲಿ ಅಲ್ಲಾಹನು ಇಟ್ಟ ಸಾಮರ್ಥ್ಯವನ್ನು ಗುರುತಿಸಿದರು, ಸಮಾಜದ ನಾಲಿಗೆಗೆ ಹೆದರಲಿಲ್ಲ.

ಎಲ್ಲ ಹೆಣ್ಣುಮಕ್ಕಳೂ ಬಾಕ್ಸರ್‌ಗಳಾಗಬೇಕೆಂದು ನಾವು ಹೇಳುತ್ತಿಲ್ಲ. ಹಾಗೆ ಹೇಳುವುದೂ ಇನ್ನೊಂದು ಬಗೆಯ ಬಲವಂತವೇ. ಆದರೆ ಮಗನ ಕ್ರಿಕೆಟ್ ಬ್ಯಾಟಿಗೆ ಸಾವಿರಾರು ರೂಪಾಯಿ ಸುರಿಯುವ ಮನೆಯಲ್ಲಿ, ಮಗಳಿಗೆ ಓಡಲು ಒಂದು ಜೊತೆ ಶೂ ಇದೆಯೇ? ಹೈಸ್ಕೂಲಿಗೆ ಕಾಲಿಟ್ಟೊಡನೆ ಅವಳ ಆಟ ನಿಂತುಹೋಗುವುದೇಕೆ? ಸಂಜೆ ಅಂಗಳ, ಮೈದಾನ, ರಸ್ತೆಗಳೆಲ್ಲ ಹುಡುಗರ ಪಾಲಾದರೆ ಹುಡುಗಿಯ ಪಾಲಿಗೆ ಉಳಿಯುವುದೇನು, ಟಿ.ವಿ. ಧಾರಾವಾಹಿ ಮತ್ತು ಮೊಬೈಲ್ ತಾನೇ? ಮರ್ಯಾದೆಯ ಉಡುಪಿನಲ್ಲಿ, ಸುರಕ್ಷಿತ ಜಾಗದಲ್ಲಿ ಆಡುವ ಅವಕಾಶವನ್ನು ನಾವೇ ನಿರ್ಮಿಸಿಕೊಡದಿದ್ದರೆ, ಅವಳ ಮುಂದೆ ಉಳಿಯುವುದು ಎರಡೇ ದಾರಿ: ಒಂದೋ ಆಟ ಬಿಡುವುದು, ಇಲ್ಲವೇ ಮಾರುಕಟ್ಟೆ ಹೇಳಿದ ಬಟ್ಟೆ ತೊಟ್ಟು ಆಡುವುದು. ಮನೆಯ ಬಾಗಿಲು ಹಾಕಿ ಕುಳಿತವರು ಮತ್ತು ಹೊರಗೆ ಸ್ಕರ್ಟ್ ಹಿಡಿದು ನಿಂತವರು ಶತ್ರುಗಳಂತೆ ಕಾಣುತ್ತಾರೆ. ವಾಸ್ತವದಲ್ಲಿ ಒಬ್ಬರು ಇನ್ನೊಬ್ಬರ ಕೆಲಸವನ್ನು ಸುಲಭಗೊಳಿಸುತ್ತಿದ್ದಾರೆ. ಇಬ್ಬರೂ ಹುಡುಗಿಯನ್ನು ಒಂದು ಮಾತು ಕೇಳಲಿಲ್ಲ.

ಒಲಿಂಪಿಕ್ಸ್‌ನಲ್ಲಿ 2012ರ ಮೂರು ವಿಭಾಗಗಳು 2024ರ ಪ್ಯಾರಿಸ್‌ನಲ್ಲಿ ಆರಾದುವು. 2028ರ ಲಾಸ್ ಏಂಜಲೀಸ್ ಕೂಟಕ್ಕೆ ಪುರುಷರಿಗೂ ಮಹಿಳೆಯರಿಗೂ ಏಳೇಳು ವಿಭಾಗಗಳೆಂದು ನಿರ್ಧಾರವಾಗಿದೆ. ಇದು ಯಾರೋ ಕೊಟ್ಟ ದಾನವಲ್ಲ. ಹೆಸರು ಬಚ್ಚಿಟ್ಟು ಸೆಣಸಿದ, ನ್ಯಾಯಮಂಡಳಿಯ ಮೆಟ್ಟಿಲೇರಿದ, ಕೊಟ್ಟ ಬಟ್ಟೆಯನ್ನು ನಿರಾಕರಿಸಿದ ಮಹಿಳೆಯರು ಒಂದೊಂದಾಗಿ ಬಿಡಿಸಿಕೊಂಡ ಗಂಟು. ನ್ಯಾಯ ತಾನಾಗಿ ನಡೆದು ಬರುವುದಿಲ್ಲ. ಅದನ್ನು ಕೇಳುವ ಒಂದು ಬಾಯಿ ಬೇಕು, ಕೇಳಿದವಳ ಪಕ್ಕದಲ್ಲಿ ನಿಲ್ಲುವ ಒಂದು ಮನೆ ಬೇಕು. ಬಾಯಿ ನಮ್ಮ ಹೆಣ್ಣುಮಕ್ಕಳಿಗಿದೆ. ಮನೆ ನಾವಾಗುವೆವೇ ಎಂಬುದಷ್ಟೇ ಪ್ರಶ್ನೆ.